ಅತ್ತೆಯ ಶುದ್ಧ ಓಟು

ನಮ್ಮ ಸೋದರತ್ತೆ ಓಟು ಹಾಕದ ಚುನಾವಣೆ ಈ ಲೋಕದಲ್ಲಿ ಇಲ್ಲವೆಂದರೆ ನೀವು ನಂಬಲಿಕ್ಕಿಲ್ಲ. ವಿಧಾನಸಭೆ, ಲೋಕಸಭೆಗೆ ಎಲ್ಲರೂ ಹಾಕುತ್ತಾರೆ, ಅದನ್ನು ಬಿಡಿ. ಟೀವಿಯ ಹಾಡಿನ ಸ್ಪರ್ಧೆಯಲ್ಲಿ ಯಾವ ಮಗು ಉಳಿಯಬೇಕು, ಓಣಿಯ ಗಣಪತಿಗಳಲ್ಲಿ ಯಾವುದು ಚೆಂದ, ಹೊಸ ಸೋಪಿಗೆ ಮಲ್ಲಿಗೆಯ ವಾಸನೆ ಇರಬೇಕೋ ನಿಂಬೆಯದೋ, ಎಲ್ಲದಕ್ಕೂ ಅತ್ತೆಯ ಓಟು ಬಿದ್ದಿರುತ್ತದೆ. ಒಮ್ಮೆ ಒಂದು ಧಾರಾವಾಹಿಯವರು ನಾಯಕಿ ಯಾರನ್ನು ಮದುವೆಯಾಗಬೇಕೆಂದು ಜನರನ್ನು ಕೇಳಿ, ಕಡೆಗೆ ಓಟಿನಲ್ಲಿ ಸೋತವನಿಗೇ ಅವಳನ್ನು ಕಟ್ಟಿದರು. ಅತ್ತೆ ಒಂದು ವಾರ ಟೀವಿಗೆ ಹಳೆಯ ಚಾದರ ಹೊದಿಸಿ ಕೂತರು. ಏನಾಯಿತೆಂದು ನೋಡಲು ಬಂದವರಿಗೆಲ್ಲ, "ಏನಿಲ್ಲವ್ವ, ಪ್ರಜಾಪ್ರಭುತ್ವ ತೀರಕೊಂಡತಿ" ಎಂದು ಚಹಾ ಕೊಟ್ಟು ಕಳಿಸಿದರು.

ಅತ್ತೆ ಇರುವುದು ಹೈದರಾಬಾದಿನ ಕಾಚಿಗೂಡದಲ್ಲಿ, ಸ್ಟೇಷನ್ನಿನ ಹಿಂದಿನ ಗಲ್ಲಿಯ ಒಂದು ಹಳೆಯ ಮನೆಯ ಮಹಡಿಯಲ್ಲಿ. ಮಾವನವರು ರೈಲ್ವೆ ಗಾರ್ಡ್ ಆಗಿದ್ದರು, ಈಗಿಲ್ಲ. ಮಕ್ಕಳಾಗಲಿಲ್ಲ. ಹಾಗಾಗಿ ಅತ್ತೆಯ ಬಳಿ ಸಮಯ ಧಾರಾಳ, ಫೋನು ಮಾತ್ರ ಒಂದೇ. ಒಂದು ಫೋನಿಗೆ ಒಂದೇ ಓಟು ಎನ್ನುವ ನಿಯಮ ಬಂದ ಮೇಲೆ ಹಾಲಿನವನ ಫೋನು, ಆಟೋದವನ ಫೋನು, ಕೆಳಗಿನ ಮನೆಯ ವಕೀಲರ ಫೋನು ಎಲ್ಲವೂ ಅತ್ತೆಯ ಕೈಗೆ ಬಂದು ಹೋಗತೊಡಗಿದವು. ಒಂದು ಮದುವೆಯಲ್ಲಂತೂ ಅಕ್ಷತೆ ಹಾಕಲು ವೇದಿಕೆ ಹತ್ತಿದವರು ಮದುಮಗಳ ಫೋನು ಹಿಡಿದುಕೊಂಡು ಇಳಿದರು.

"ಹಿಂಗ ಮಂದಿ ಓಟು ಕದಿಯೋದು ತಪ್ಪಲ್ಲೇನು ಅತ್ತಿ?" ಎಂದು ನಾನು ಕೇಳಿದ್ದುಂಟು.

"ಕದಿಯೋದೇನು ಬಂತವ್ವ? ಫೋನ್ ಅವರದು, ಬಟ್ಟು ನಂದು. ಇಬ್ಬರೂ ಕೂಡಿ ಹಾಕೇವಿ" ಎಂದರು.

ಇಂಥ ಅತ್ತೆ ಒಂದು ಭಾನುವಾರ ಬೆಳಿಗ್ಗೆ ಮೆಟ್ರೋ ಹತ್ತಿ, ಮತ್ತೆ ಆಟೋ ಹಿಡಿದು, ಗಚ್ಚಿಬೌಲಿಯ ನಮ್ಮ ಫ್ಲ್ಯಾಟಿಗೆ ಬಂದರು. ಚಪ್ಪಲಿ ಬಿಡುವ ಮೊದಲೇ, "ನಿಮ್ಮ ಫೋನ್ ಕೊಡ್ರಿ ಇಬ್ಬರೂ" ಎಂದರು. ನನ್ನ ಗಂಡ ಅಭ್ಯಾಸ ಇದ್ದವರಂತೆ ಸೋಫಾದಿಂದ ಏಳದೆಯೇ ಫೋನು ಚಾಚಿದರು.

ವಿಷಯ ಇಷ್ಟು. ಒಂದು ಟೀವಿ ಚಾನೆಲಿನವರು ಆ ವರ್ಷದ ದೇಶದ ಶ್ರೇಷ್ಠ ಕ್ರೀಡಾಪಟುವನ್ನು ಜನರ ಓಟಿನಿಂದ ಆರಿಸುವುದಾಗಿ ಸಾರಿದ್ದರು. ಸ್ಪರ್ಧೆಯಲ್ಲಿದ್ದವರಲ್ಲಿ ಒಬ್ಬಳು ಹಳಿಯಾಳದ ಕಡೆಯ ಸಿದ್ದಿ ಹುಡುಗಿ, ಭಾರ ಎತ್ತುವವಳು. ಸಿದ್ದಿಗಳ ಹಿರಿಯರು ಯಾವ ಕಾಲದಲ್ಲೋ ಆಫ್ರಿಕಾದಿಂದ ಬಂದವರು. ತಲೆಮಾರುಗಳಿಂದ ನಮ್ಮ ಕಾಡಂಚಿನ ಊರುಗಳಲ್ಲೇ ಬೇರು ಬಿಟ್ಟವರು. ಆ ಹುಡುಗಿ ಹೊರದೇಶಕ್ಕೆ ಹೋಗಿ ಚಿನ್ನ ಗೆದ್ದು ಬಂದಿದ್ದಳು. ಚಾನೆಲಿನ ಹುಡುಗ ಸಂದರ್ಶನ ಮಾಡುತ್ತ ಮೊದಲು, ನೀವು ಹಿಂದಿ ಎಷ್ಟು ಚೆನ್ನಾಗಿ ಕಲಿತಿದ್ದೀರಿ ಎಂದು ಮೆಚ್ಚಿಕೊಂಡನಂತೆ. ಆಮೇಲೆ ಇಂಗ್ಲಿಷಿನಲ್ಲಿ, ನಿಮ್ಮ ಸ್ವಂತ ದೇಶದ ನೆನಪಾಗುವುದಿಲ್ಲವೇ ಎಂದನಂತೆ. ಹುಡುಗಿ ಪಕ್ಕದಲ್ಲಿದ್ದ ತಾಯಿಯ ಕಡೆ ತಿರುಗಿ, "ಅವ್ವಾ, ಇಂವ ಏನ್ ಕೇಳಾಕತ್ತಾನ ತಿಳೀವಲ್ದು" ಎಂದಳಂತೆ.

"ಚಹಾದ ಕಪ್ಪು ಕೈಯಾಗಿಂದ ಜಾರಿತು ನೋಡು" ಎಂದರು ಅತ್ತೆ. "ನನ್ನ ತವರುಮನಿ ಕಲಘಟಗಿ. ಹಳಿಯಾಳ ಅಂದ್ರ ಬಾಜೂದ ಊರು. ನಮ್ಮ ಸಂತಿ ಮಾತು ಟೀವಿಯಾಗ ಬಂದಂಗಾತು. ಅಲ್ಲೇ ಹಾಕಿಬಿಟ್ಟೆ ಓಟು."

ನಮ್ಮಿಬ್ಬರ ಫೋನುಗಳಿಂದಲೂ ಓಟು ಬಿತ್ತು. ಆದರೆ ಅಲ್ಲಿಯವರೆಗಿನ ಎಣಿಕೆಯಲ್ಲಿ ಹುಡುಗಿ ತೀರ ಕೆಳಗಿದ್ದಳು. ಎಲ್ಲರಿಗಿಂತ ಮೇಲಿದ್ದವನು ಒಬ್ಬ ಕ್ರಿಕೆಟಿಗ. ಬೆಣ್ಣೆಯಂಥ ಬಣ್ಣ, ಜಾಹೀರಾತಿಗೆ ಹೇಳಿ ಮಾಡಿಸಿದ ಕೂದಲು. ಆದರೆ ಪಾಪ, ಮೊಣಕಾಲು ನೋವಾಗಿ ಆ ವರ್ಷದ ಬಹುಭಾಗ ಆಡಿಯೇ ಇರಲಿಲ್ಲ.

"ವರ್ಷೆಲ್ಲ ಸೋಫಾದ ಮ್ಯಾಲ ಕುಂತವಗ ಪ್ರಶಸ್ತಿ ಅಂದ್ರ, ಮೊದಲ ನಮ್ಮ ಅಳಿಯಂದ್ರಿಗೆ ಕೊಡಬೇಕು" ಎಂದರು ಅತ್ತೆ.

ನನ್ನ ಗಂಡ ಕಾಲು ಕೆಳಗಿಟ್ಟು ಸರಿಯಾಗಿ ಕೂತರು. "ಅತ್ತಿ, ಕ್ರಿಕೆಟ್ ನೋಡೋ ಮಂದಿ ಭಾಳ. ಭಾರ ಎತ್ತೋದು ಯಾರು ನೋಡ್ತಾರ? ಅದಕ್ಕ ಓಟು ಕಡಿಮಿ. ಇದರಾಗ ಬಣ್ಣ, ಜನಾಂಗ, ಭೇದ-ಭಾವ ಏನೂ ಇಲ್ರಿ."

"ನನಗೂ ಹಂಗ ಅನಸ್ತತಿ. ಆದ್ರ ಪರೀಕ್ಷಾ ಮಾಡಿ ನೋಡೋದು ಚಲೋ ಅಲ್ಲೇನು?" ಎಂದರು ಅತ್ತೆ.

ಅತ್ತೆಯ ಬಾಯಲ್ಲಿ 'ಪರೀಕ್ಷೆ' ಎನ್ನುವ ಮಾತು ಬಂದರೆ ನಮ್ಮ ಮನೆತನದವರು ಊರು ಬಿಡುವ ಯೋಚನೆ ಮಾಡುತ್ತಾರೆ. ಆದರೆ ನಾವಿದ್ದದ್ದು ಎಂಟನೆಯ ಮಹಡಿ. ಅತ್ತೆ ಬಾಗಿಲಲ್ಲೇ ಕೂತಿದ್ದರು.

ಆ ದಿನದ ಪತ್ರಿಕೆಯಲ್ಲಿ ಸ್ಪರ್ಧಿಗಳೆಲ್ಲರ ಚಿತ್ರಗಳು ಬಂದಿದ್ದವು. ಪ್ರತಿಯೊಂದರ ಕೆಳಗೆ ಅವರ ಸಾಧನೆ. ಅತ್ತೆ ತಮ್ಮ ಚೀಲದಿಂದ ಹಣೆಗೆ ಹಚ್ಚುವ ಸ್ಟಿಕ್ಕರ್ ಟಿಕಳಿಗಳ ಪೊಟ್ಟಣ ತೆಗೆದರು. ದೊಡ್ಡ ಮೆರೂನ್ ಟಿಕಳಿಗಳು. ಒಬ್ಬೊಬ್ಬರ ಮುಖಕ್ಕೂ ಒಂದೊಂದು ಅಂಟಿಸಿದರು. ಹೆಸರುಗಳ ಮೇಲೆ ಅಂಟುಪಟ್ಟಿ ಬಂತು. ಈಗ ದೇಶದ ಮಹಾ ಕ್ರೀಡಾಪಟುಗಳೆಲ್ಲ ಮುಖವಿಲ್ಲದೆ, ಮೆರೂನ್ ಚಂದ್ರರಂತೆ ಸಾಲಾಗಿ ನಿಂತರು. ಕ್ರಿಕೆಟಿಗನ ಕೂದಲು ಮಾತ್ರ ಟಿಕಳಿಯಲ್ಲಿ ಹಿಡಿಸಲಿಲ್ಲ. ಅವನಿಗೆ ಎರಡು ಬೇಕಾದವು.

ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಜನ ಕೆಳಗಿನ ಉದ್ಯಾನದಲ್ಲಿ ಗಾಳಿಗೆ ಕೂತಿರುತ್ತಾರೆ. ಅತ್ತೆ ಪತ್ರಿಕೆ ಹಿಡಿದು ಅವರ ಮಧ್ಯೆ ಹೋದರು. ನಾನು ಹಿಂದೆ. ಅತ್ತೆಯ ತೆಲುಗು ಅರ್ಧ ಕನ್ನಡ, ಹಿಂದಿ ಮುಕ್ಕಾಲು ದಖ್ಖನಿ; ಆದರೂ ಅವರು ಕೇಳಿದ್ದು ಅರ್ಥವಾಗದವರು ಇರಲಿಲ್ಲ. "ಬರೇ ಕೆಲಸ ಓದ್ರಿ, ಯಾರು ಗೆಲ್ಲಬೇಕು ಹೇಳ್ರಿ. ಮಾರಿ ಆಮ್ಯಾಲ ತೋರಸ್ತೀನಿ."

ಮೊದಲು ಸಿಕ್ಕವರು ನಮ್ಮ ಕಟ್ಟಡದ ಸಂಘದ ಕಾರ್ಯದರ್ಶಿ. ಕನ್ನಡಕ ಏರಿಸಿ ಎಲ್ಲರ ಸಾಧನೆ ಓದಿದರು, ತಲೆದೂಗಿದರು, ಭಾರ ಎತ್ತಿದವಳ ಮೇಲೆ ಬೆರಳಿಟ್ಟರು. "ಇದರಲ್ಲಿ ಯೋಚಿಸುವಂಥದ್ದೇ ಇಲ್ಲಮ್ಮ, ಇವರೇ" ಎಂದು ತೆಲುಗಿನಲ್ಲಿ ಹೇಳಿದರು. ಅತ್ತೆ ಮೆಲ್ಲಗೆ ಟಿಕಳಿ ಕಿತ್ತರು. ಕಾರ್ಯದರ್ಶಿಗಳು ಬಗ್ಗಿ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಈ ಪ್ರಶಸ್ತಿ ನಮ್ಮ ದೇಶದವರಿಗೆ ಮಾತ್ರ ಅಲ್ಲವೇ?" ಎಂದರು.

"ಹೌದ್ರಿ. ಆಕಿ ಹಳಿಯಾಳದಾಕಿ."

"ಅದು ಆಫ್ರಿಕಾದಲ್ಲಿ ಎಲ್ಲಿ ಬರುತ್ತೆ?"

"ಧಾರವಾಡದಿಂದ ಬಸ್ಸಿನಾಗ ಹೋದ್ರ ಬರ್ತತಿ" ಎಂದರು ಅತ್ತೆ.

ಟಿಕಳಿ ಮತ್ತೆ ಮುಖಕ್ಕೆ ಅಂಟಿತು. ಅವರಾದ ಮೇಲೆ ಒಬ್ಬ ಹೆಂಗಸು. ಆಕೆಯೂ ಭಾರ ಎತ್ತಿದವಳನ್ನೇ ಆರಿಸಿದರು. ಟಿಕಳಿ ಕಿತ್ತಾಗ, "ಒಳ್ಳೆಯ ಹುಡುಗಿ, ಆದರೆ ಪ್ರಶಸ್ತಿಯ ಫೋಟೋ ಎಲ್ಲ ಕಡೆ ಬರುತ್ತಲ್ಲ" ಎಂದು ಹಿಂದಿಯಲ್ಲಿ ಅಂದರು. ಬಂದರೆ ಏನಾಗುತ್ತದೆಂದು ಅತ್ತೆ ಕೇಳಿದರು. ಆಕೆಗೆ ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಯಿತು. ಇನ್ನೊಬ್ಬರು ಬ್ಯಾಡ್ಮಿಂಟನ್ ಆಡುವ ಮಣಿಪುರದ ಹುಡುಗಿಯನ್ನು ಆರಿಸಿ, ಮುಖ ಕಂಡ ಮೇಲೆ, ಚೀನಾದವರನ್ನು ಯಾಕೆ ಸೇರಿಸಿದ್ದಾರೆಂದು ಬೇಸರಪಟ್ಟರು.

ಎಲ್ಲರೂ ಹಾಗೆ ಎಂದು ಹೇಳಿದರೆ ಸುಳ್ಳಾದೀತು. ಕಾಲೇಜಿಗೆ ಹೋಗುವ ಇಬ್ಬರು ಹುಡುಗಿಯರು ಟಿಕಳಿಯ ಮೊದಲೂ ಟಿಕಳಿಯ ನಂತರವೂ ಅವಳನ್ನೇ ಬಯಸಿದರು. ಒಬ್ಬ ಅಜ್ಜ ಯಾರ ಸಾಧನೆಯನ್ನೂ ಓದದೆ, ಕ್ರಿಕೆಟ್ಟಿನವನು ಎಲ್ಲಿ ಎಂದು ಮಾತ್ರ ಕೇಳಿದರು. ಆಟಗಾರನ ಬದಲು ಬ್ಯಾಟನ್ನೇ ನಿಲ್ಲಿಸಿದ್ದರೂ ಅವರ ಓಟು ಅದಕ್ಕೇ. ಅವರಿಗೆ ಮುಖ ತೋರಿಸಲೆಂದು ಅತ್ತೆ ಟಿಕಳಿ ಕಿತ್ತರೆ ಕ್ರಿಕೆಟಿಗನ ಮೂಗೂ ಅದರೊಂದಿಗೆ ಬಂದುಬಿಟ್ಟಿತು. ಅಜ್ಜ ಇವತ್ತಿಗೂ ನಮ್ಮನ್ನು ಕ್ಷಮಿಸಿಲ್ಲ.

ಅತ್ತೆ ಮೇಲೆ ಬಂದು ನೀರು ಕುಡಿದರು. "ನಿಮ್ಮ ಮಾತು ಅರ್ಧ ಖರೇ ಅಳಿಯಂದ್ರ. ಕ್ರಿಕೆಟ್ಟಿನ ಹುಚ್ಚೂ ಐತಿ. ಆದ್ರ ಮಾರಿ ನೋಡಿದ ಮ್ಯಾಲ ಮಂದೀದು ಬುದ್ಧಿ ಬದಲಾಗ್ತತಿ, ಅದನ್ನೂ ನೋಡಿದೆ."

ಆಗ ನಾನು ಬಾಯಿ ಮುಚ್ಚಿಕೊಂಡಿರಬೇಕಾಗಿತ್ತು. ಸುಮ್ಮನೆ ಕಾಡಿಸಲೆಂದು ಕೇಳಿದೆ: "ಅತ್ತಿ, ಆಕಿ ಕನ್ನಡ ಮಾತಾಡಿದ್ದಕ್ಕ ಅಲ್ಲೇನು ನೀವು ಓಟು ಹಾಕಿದ್ದು? ತೆಲುಗಿನಾಕಿ ಆಗಿದ್ರ ಹಾಕ್ತಿದ್ರೇನು? ಅದೂ ಒಂದು ಭೇದನ ಆತಲ್ಲ?"

ಅತ್ತೆಯ ಕೈಯಲ್ಲಿದ್ದ ಚಕ್ಕುಲಿ ಕೈಯಲ್ಲೇ ಉಳಿಯಿತು. ಆಮೇಲೆ ಚಕ್ಕುಲಿಯನ್ನು ತಟ್ಟೆಗೆ ಹಾಕಿ, ಚೀಲ ಎತ್ತಿಕೊಂಡು ಕಾಚಿಗೂಡಕ್ಕೆ ಹೊರಟುಬಿಟ್ಟರು. ಊಟಕ್ಕೂ ನಿಲ್ಲಲಿಲ್ಲ. ನನ್ನ ಗಂಡ, "ನಿನಗ ಬೇಕಿತ್ತೇನು ಇದು?" ಎನ್ನುತ್ತ ಆ ಚಕ್ಕುಲಿ ತಿಂದರು.

ಎರಡು ದಿನ ಅತ್ತೆಯ ಫೋನು ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಬಂತು.

"ಎಲ್ಲಾರದೂ ಆಟ ನೋಡಿದೆ. ಕೆಳಗಿನ ವಕೀಲರ ಕಡೆಯಿಂದ ಫೋನಿನಾಗ ತಗಸಿ ಒಬ್ಬೊಬ್ಬರದು ಕುಂತು ನೋಡಿದೆ. ಆ ಬ್ಯಾಡ್ಮಿಂಟನ್ ಹುಡುಗಿ ಭಾಳ ಚಲೋ ಆಡ್ತಾಳ, ನನ್ನ ಮನಸ್ಸು ಆಕಿ ಕಡೆ ಹೋಗಿತ್ತು. ಆದ್ರೂ ಈಕಿ ಎತ್ತಿದ್ದು ಯಾರೂ ಎತ್ತಿಲ್ಲ. ಈಕೀನ ಗೆಲ್ಲಬೇಕು. ಈಗ ನನ್ನ ಓಟು ಶುದ್ಧ ಆತು."

"ಚಲೋ ಆತಲ್ರಿ ಮತ್ತ."

"ಎಲ್ಲಿ ಚಲೋ? ಮೊದಲಿಂದು ಅಶುದ್ಧ ಓಟು ಅಲ್ಲೇ ಕುಂತತಲ್ಲ. ಅದನ್ನ ತಗಸಬೇಕು."

ಮುಂದಿನದು ನಾನು ಕಿವಿಯಾರೆ ಕೇಳಿದ್ದು, ಏಕೆಂದರೆ ಆ ದಿನ ಅತ್ತೆಯನ್ನು ಸಮಾಧಾನಪಡಿಸಲು ಕಾಚಿಗೂಡಕ್ಕೆ ಹೋಗಿದ್ದೆ. ಅತ್ತೆ ಆ ಚಾನೆಲಿನ ಸಹಾಯವಾಣಿಗೆ ಫೋನು ಹಚ್ಚಿದರು. ಆ ಕಡೆಯ ಹುಡುಗಿ ಹಿಂದಿಯಲ್ಲಿ ವಿನಯದಿಂದ, ಯಾರಿಗೆ ಹಾಕಿದ ಓಟನ್ನು ಬದಲಿಸಬೇಕೆಂದು ಕೇಳಿದಳು. ಅತ್ತೆ ಹೇಳಿದರು. ಬದಲಿಸಿ ಯಾರಿಗೆ ಹಾಕಬೇಕೆಂದು ಕೇಳಿದಳು. ಅತ್ತೆ ಅದೇ ಹೆಸರು ಹೇಳಿದರು.

"ಮೇಡಂ, ಎರಡೂ ಒಂದೇ ಅಲ್ಲವೇ?"

"ಒಂದ ಹ್ಯಾಂಗ ಆಗ್ತತವ್ವ?" ಅತ್ತೆ ಸಿಟ್ಟಿನಲ್ಲಿ ಕನ್ನಡಕ್ಕೇ ಇಳಿದಿದ್ದರು. "ಹೆಸರು ಒಂದ. ಕಾರಣ ಬ್ಯಾರೆ."

ಕಡೆಗೆ ಓಟಿನಲ್ಲಿ ಸಿದ್ದಿ ಹುಡುಗಿ ಸೋತಳು. ಕ್ರಿಕೆಟಿಗ ಗೆದ್ದ. ಅವನು ಮನೆಯಿಂದಲೇ, ಸೋಫಾದ ಮೇಲೆ ಕೂತು ಕೃತಜ್ಞತೆ ಹೇಳಿದ್ದನ್ನು ಅತ್ತೆ ಪೂರ್ತಿ ನೋಡಿದರು. "ಪಾಪ, ಕಾಲು ಇನ್ನೂ ನೆಟ್ಟಗಾಗಿಲ್ಲ" ಎಂದಷ್ಟೇ ಹೇಳಿದರು.

ಕೆಲವು ತಿಂಗಳಾದ ಮೇಲೆ ಭಾರ ಎತ್ತುವವರ ರಾಷ್ಟ್ರೀಯ ಪಂದ್ಯ ಹೈದರಾಬಾದಿಗೇ ಬಂತು. ಅತ್ತೆ ಶೇಂಗಾ ಹೋಳಿಗೆ ಮಾಡಿಕೊಂಡು, ನನ್ನನ್ನು ಕಚೇರಿಗೆ ರಜೆ ಹಾಕಿಸಿ ಎಳೆದುಕೊಂಡು ಹೋದರು. ನಾವು ಕ್ರೀಡಾಂಗಣದ ಗೇಟಿನಲ್ಲಿದ್ದಾಗಲೇ ಆ ಹುಡುಗಿ ಹೆಗಲಿಗೆ ದೊಡ್ಡ ಚೀಲ ಹಾಕಿಕೊಂಡು ಬಂದಳು. ಟೀವಿಯಲ್ಲಿ ಕಂಡದ್ದಕ್ಕಿಂತ ಚಿಕ್ಕವಳು. ಮುಂದಿದ್ದ ಆಟಗಾರ್ತಿಯರೆಲ್ಲ ಹಾಗೆಯೇ ಒಳಗೆ ಹೋದರು. ಕಾವಲಿನವನು ಇವಳೊಬ್ಬಳನ್ನೇ ತಡೆದು ಇಂಗ್ಲಿಷಿನಲ್ಲಿ, ಯಾವ ದೇಶ ಎಂದ. ಅವನು ಕೇಳುವ ಮೊದಲೇ ಅವಳ ಕೈಯಲ್ಲಿ ಗುರುತಿನ ಚೀಟಿ ಸಿದ್ಧವಾಗಿತ್ತು. ತೋರಿಸಿದಳು, ಅವನು ತಿರುವಿ ತಿರುವಿ ನೋಡಿದ, ಬಿಟ್ಟ.

ಈಗ ಅತ್ತೆ ಕಾವಲಿನವನಿಗೆ ಭೂಗೋಳ ಕಲಿಸುತ್ತಾರೆ ಎಂದು ನಾನು ಗಟ್ಟಿಯಾಗಿ ಅವರ ತೋಳು ಹಿಡಿದೆ. ಅತ್ತೆ ಅವನ ಕಡೆ ನೋಡಲೇ ಇಲ್ಲ. ನೇರ ಹುಡುಗಿಯ ಹತ್ತಿರ ಹೋಗಿ, "ಯವ್ವಾ, ಊಟ ಆತೇನು?" ಎಂದರು.

ಹುಡುಗಿ ನಿಂತಳು. ಯಾರು ಕರೆದರೆಂದು ಸುತ್ತ ನೋಡಿ, ಅತ್ತೆಯನ್ನು ಕಂಡು ನಕ್ಕಳು. "ನಮ್ಮ ಮೈತೂಕ ನೋಡೋದು ಮುಗಿಯೂತನ ಏನೂ ತಿನ್ನಂಗಿಲ್ರಿ ಅಜ್ಜಿ" ಎಂದಳು. ಅತ್ತೆ ಹೋಳಿಗೆಯ ಡಬ್ಬಿ ಅವಳ ಕೈಗಿಟ್ಟು, ಆ ಚೀಲ ಕೊಡು, ನಾನು ಹಿಡಿಯುತ್ತೇನೆ ಎಂದರು. ಹಿಡಿದರು. ಚೀಲ ಅತ್ತೆಯ ಸಮೇತ ನೆಲಕ್ಕೆ ಹೊರಟಿತು. ಹುಡುಗಿ ಡಬ್ಬಿಯನ್ನು ಕಂಕುಳಿಗೆ ಸಿಕ್ಕಿಸಿ, ಒಂದು ಕೈಯಲ್ಲಿ ಚೀಲವನ್ನೂ ಇನ್ನೊಂದು ಕೈಯಲ್ಲಿ ಅತ್ತೆಯನ್ನೂ ಎತ್ತಿ ನಿಲ್ಲಿಸಿದಳು.

ಮೆಟ್ಟಿಲು ಹತ್ತುವಾಗ ಅತ್ತೆ ಕೇಳಿದರು. "ಎಲ್ಲಾ ಕಡೆ ಹಿಂಗ ಕೇಳ್ತಾರೇನು, ಯಾವ ದೇಶ ಅಂತ?"

"ಹೂಂನ್ರಿ. ಹೋಗ್ಲಿ ಬಿಡ್ರಿ, ರೂಢಿ ಆಗೇತಿ."

ಅತ್ತೆ ಮೆಟ್ಟಿಲ ಮೇಲೆ ನಿಂತುಬಿಟ್ಟರು. "ರೂಢಿ ಮಾಡ್ಕೋಬ್ಯಾಡ ಮಗಳ" ಎಂದರು, ಬಹಳ ಸಣ್ಣ ದನಿಯಲ್ಲಿ.

ಹುಡುಗಿ ಅತ್ತೆಯ ತೋಳನ್ನು ಬಾಗಿಲಿನವರೆಗೂ ಬಿಡಲಿಲ್ಲ.

ಒಳಗೆ ಜನ ವಿರಳ. ಅವಳ ಸರದಿ ಬಂತು. ಕೈಗೆ ಸುಣ್ಣದಂಥ ಪುಡಿ ಹಚ್ಚಿಕೊಂಡು ಬಗ್ಗಿದಳು, ಕಬ್ಬಿಣದ ಸರಳು ಎದೆಗೆ ಬಂತು, ಅಲ್ಲಿ ಒಂದು ಕ್ಷಣ ನಿಂತಿತು. ನಮ್ಮ ಅತ್ತೆ ಕೂಗಿ ಹಾರೈಸಿಯಾರೆಂದು ಪಕ್ಕಕ್ಕೆ ನೋಡಿದೆ. ಅತ್ತೆ ಯಾವಾಗ ಎದ್ದು ನಿಂತಿದ್ದರೋ ತಿಳಿಯದು. ಅಲ್ಲಿ ಹುಡುಗಿ ಭಾರವನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಳು. ಇಲ್ಲಿ ಅತ್ತೆ, ಉಸಿರು ಬಿಗಿಹಿಡಿದು, ತಮ್ಮೆರಡೂ ಕೈಗಳನ್ನು ಮೇಲಕ್ಕೆ ಎತ್ತಿ ಹಿಡಿದಿದ್ದರು. ಅವಳು ಕೆಳಗೆ ಇಳಿಸುವವರೆಗೂ ಇಳಿಸಲಿಲ್ಲ.