ಜೀವ ಇರೋದು, ಜೀವ ಇಲ್ಲದ್ದು

ಜೀವ ಇರುವ ವಸ್ತು, ಜೀವ ಇಲ್ಲದ ವಸ್ತು ಅನ್ನೋ ಪಾಠ ಎರಡನೇ ಕ್ಲಾಸಿನ ಮಕ್ಕಳಿಗೆ ಬಲು ಸುಲಭ. ಕಷ್ಟವೆಲ್ಲ ಟೀಚರಿಗೆ. ಏನೂ ಎಡವಟ್ಟಾಗದೆ ಆ ಪಾಠ ಮುಗಿದ ವರ್ಷ ನನಗಂತೂ ನೆನಪಿಲ್ಲ.

ಕೆಂಪು ಬಸ್ಸು

ಎಪ್ಪತ್ತರ ದಶಕ. ಗುಬ್ಬಿಯಲ್ಲಿ ನನ್ನ ಮೊದಲ ಕೆಲಸ. "ಜೀವ ಇರೋದು ಓಡಾಡುತ್ತೆ, ತಿನ್ನುತ್ತೆ, ಬೆಳೆಯುತ್ತೆ" ಅಂತ ಹೇಳಿಕೊಟ್ಟು, "ಬಸ್ಸಿಗೆ ಜೀವ ಇದೆಯಾ?" ಅಂದೆ.

"ಐತೆ ಮಿಸ್," ಅಂದಳು ಮುಂದೆ ಕೂತಿದ್ದ ಹುಡುಗಿ. "ಓಡ್ತೈತೆ, ಡೀಸೆಲ್ ಕುಡೀತೈತೆ, ದಿಣ್ಣೆ ಹತ್ತೋವಾಗ ಕೆಮ್ತೈತೆ."

ನಾನು ಬಿಡಲಿಲ್ಲ. "ಸರಿ, ಬೆಳೆಯುತ್ತಾ?"

ಅವಳು ಯೋಚಿಸಿದಳು. "ನಮ್ ತಾತನೂ ಬೆಳೆಯಲ್ಲ ಮಿಸ್. ಅವ್ರೂ ಬರೀ ಕೆಮ್ತಾರೆ."

ಮೊಳೆಯದ ಕಾಳು

ಆಮೇಲೆ ಕುಣಿಗಲ್ಲಿಗೆ ವರ್ಗವಾಯಿತು. ಅಲ್ಲಿ ತೆಂಗಿನ ಚಿಪ್ಪಿಗೆ ಮಣ್ಣು ತುಂಬಿಸಿ, ಮಕ್ಕಳು ಮನೆಯಿಂದ ತಂದ ಹುರಳಿಕಾಳು ಬಿತ್ತಿಸಿದೆ. ಎಲ್ಲರದೂ ಮೊಳೆಯಿತು, ಒಬ್ಬ ಹುಡುಗನದು ಮಾತ್ರ ಬರೀ ಮಣ್ಣು. ನೀರು ಹೊಯ್ದ, ಬಿಸಿಲಿಗಿಟ್ಟ, ಚಿಪ್ಪಿಗೆ ಕೈಯನ್ನೂ ಮುಗಿದ. ಕೊನೆಗೆ ಒಂದು ದಿನ ಗೊಳೋ ಅಂತ ಅತ್ತ. "ಕಾಳ್ನ ನಾನೇ ಸಾಯಿಸ್‌ಬುಟ್ಟೆ ಮಿಸ್!"

"ಇನ್ನೂ ಕಾಳಿದ್ರೆ ತೋರ್ಸು" ಅಂದೆ. ಚಡ್ಡಿ ಜೇಬಿಂದ ಒಂದು ಹಿಡಿ ತೆಗೆದ. ಘಮ್ಮನ್ನೋ ವಾಸನೆ!

"ಇದು ಹುರಿದ ಕಾಳು ಕಣೋ! ಹೆಂಗ್ ಮೊಳೆಯುತ್ತೆ? ನಿಂದೇನೂ ತಪ್ಪಿಲ್ಲ."

ಅವನ ಮುಖ ಅರಳಿತು. "ಅಬ್ಬ! ಸಾಯ್ಸಿದ್ದು ನಾನಲ್ಲ, ನಮ್ಮವ್ವ!" ಅಂತ ಇಡೀ ಕ್ಲಾಸಿಗೆ ಸಾರಿ, ಕೈಲಿದ್ದ ಕಾಳನ್ನ ಬಾಯಿಗೆ ಹಾಕಿಕೊಂಡ.

ಸಾಹೇಬರ ಪರೀಕ್ಷೆ

ಎಂಬತ್ತರ ದಶಕಕ್ಕೆ ತುಮಕೂರಿನಲ್ಲಿ, ಶಿರಾ ಗೇಟ್ ಹತ್ತಿರದ ಶಾಲೆಯಲ್ಲಿದ್ದೆ. ಸಿಡುಕಿಗೆ ಹೆಸರಾದ ಇನ್ಸ್‌ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದರು. ಬೆಳಗ್ಗೆ ದೇವರಾಯನದುರ್ಗದ ಬೆಟ್ಟ ಹತ್ತಿಳಿದು, ಊಟ ಮುಗಿಸಿ, ನನ್ನ ಕುರ್ಚಿಯಲ್ಲಿ ಕೂತರು. ಒಂದು ಮಾತು ತಪ್ಪಿದರೂ ಎಲ್ಲಿಗೆ ಎತ್ತಂಗಡಿಯೋ ಅಂತ ನನಗೆ ಭಯ.

ಮುಟ್ಟಿದರೆ ಮುನಿ ಗಿಡ ತೋರಿಸಿ, "ನೋಡಿ, ಜೀವ ಇದ್ರೆ ಮುಟ್ಟಿದಾಗ ಅಲುಗಾಡುತ್ತೆ" ಅಂದು ಬೋರ್ಡಿನ ಕಡೆ ತಿರುಗಿದೆ. ಬರೆದು ಈ ಕಡೆ ನೋಡಿದರೆ, ಸಾಹೇಬರು ಬಾಯಿ ತೆರೆದು ಗಾಢ ನಿದ್ದೆ! ಪಕ್ಕದಲ್ಲಿ ಒಬ್ಬಳು ಪುಟಾಣಿ, ಕೈಲಿ ಬಳಪ.

"ಬ್ಯಾಡ ಕಣೇ" ಅನ್ನೋಷ್ಟರಲ್ಲಿ ಸಾಹೇಬರ ಮೂಗಿಗೆ ತಿವಿದೇಬಿಟ್ಟಳು. ಅವರು "ಹಾಂ!" ಅಂತ ಎಗರಿ ಕೂತರು.

"ಜೀವ ಐತೆ ಮಿಸ್!"

ಕ್ಲಾಸೆಲ್ಲ ಚಪ್ಪಾಳೆ. ನನ್ನ ಜೀವ ಬಾಯಿಗೆ ಬಂದಿತ್ತು. ಸಾಹೇಬರು ಮೂಗು ಉಜ್ಜಿಕೊಳ್ಳುತ್ತಾ ಅವಳನ್ನ ನೋಡಿದರು, ಗಿಡ ನೋಡಿದರು, ಬೋರ್ಡು ಓದಿದರು. ಆಮೇಲೆ ಹೊಟ್ಟೆ ಕುಲುಕುವಂತೆ ನಕ್ಕರು.

"ಸದ್ಯ, ನಾನು ಪಾಸಾದೆನಲ್ಲ ಮೇಡಂ!"