ವಾಸನೆ ಬಾರದ್ದೂ ಒಂದು ಕ್ಲೋರಿನ್ನೇ?

ಕ್ಲೋರಿನ್ ವಿಷಯದಲ್ಲಿ ನನಗೆ ಪಾಠ ಹೇಳುವ ಗಂಡಸು ರೋಣ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ! ಇಪ್ಪತ್ತೆಂಟು ವರ್ಷ ನಮ್ಮೂರಿನ ನಳಕ್ಕೆ ನೀರು ಬಿಡುವ ಕೆಲಸ ಮಾಡಿ ನಿವೃತ್ತನಾದ ಹೂವಪ್ಪ ನಾನು. ನೀರಿನ ಟಾಕಿಯ ಏಣಿ ಹತ್ತಿ, ಬೊಗಸೆ ಬೊಗಸೆ ಬ್ಲೀಚಿಂಗ್ ಪೌಡರ್ ಸುರಿದು, ಇಡೀ ಊರಿಗೆ ಕ್ಲೋರಿನ್ ಕುಡಿಸಿದ ಕೈ ಇದು. ನನ್ನ ಕಾಲದಲ್ಲಿ ಊರಿನ ಒಬ್ಬನಿಗೂ ವಾಂತಿಭೇದಿ ಆಗಲಿಲ್ಲ. ಈ ಮಾತನ್ನು ಮನೆಯಲ್ಲಿ ದಿನಕ್ಕೆರಡು ಸಲ ಹೇಳುತ್ತೇನೆ. ಕೇಳುವವರು ಯಾರೂ ಇಲ್ಲ ಎಂಬುದು ಬೇರೆ ಮಾತು.

ನನ್ನ ಹೆಂಡತಿ ಗೌರವ್ವ ಮನೆಯಲ್ಲೇ ಖಡಕ್ ರೊಟ್ಟಿ ಮಾಡಿ ಮಾರುತ್ತಾಳೆ. ಪಕ್ಕದ ಮನೆಯ ಬಾನುಬಿ ಅವಳ ಜೊತೆಗಾರ್ತಿ. ಕಳೆದ ತಿಂಗಳು ನರಗುಂದದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನಿಂದ ವಾರಕ್ಕೆ ಐದುನೂರು ರೊಟ್ಟಿ ಬೇಕೆಂಬ ಮಾತು ಬಂತು. ಗೌರವ್ವ ಮೂರು ವರ್ಷದಿಂದ ಕಾದದ್ದು ಇಂಥದೊಂದು ಆರ್ಡರಿಗೇ. ಆದರೆ ಹಾಸ್ಟೆಲ್ಲಿನ ಮಾಲಾ ಮೇಡಂ ಒಂದು ಶರತ್ತು ಹಾಕಿದರು. ಮಂಗಳವಾರ ತಾವೇ ಬಂದು ಅಡುಗೆಮನೆ ನೋಡುತ್ತಾರಂತೆ. ಹಿಟ್ಟು ನಾದುವ ಕಟ್ಟೆ, ರೊಟ್ಟಿ ಬಡಿಯುವ ಮಣೆ ಎಲ್ಲವನ್ನೂ ಕ್ಲೋರಿನ್ ನೀರಿನಲ್ಲಿ ಒರೆಸಿರಬೇಕಂತೆ.

ಕ್ಲೋರಿನ್! ನನ್ನ ಕಿವಿ ನೆಟ್ಟಗಾದವು.

"ಗೌರವ್ವ, ನೀ ರೊಟ್ಟಿ ಕಡೆ ನೋಡು. ಕ್ಲೋರಿನ್ ನನಗ ಬಿಡು."

"ಬ್ಯಾಡ್ರಿ. ನಾನ ತರ್ತೀನಿ."

"ಇಪ್ಪತ್ತೆಂಟ ವರ್ಷದ ಸರ್ವಿಸ್ ಐತಿ ನಂದು!"

"ಅದಕ್ಕ ನನಗ ಹೆದರಿಕಿ."

ಹೆಂಗಸರ ಮಾತಿಗೆ ಹಿಂಜರಿದರೆ ಸರ್ವಿಸ್ಸಿಗೆ ಏನು ಬೆಲೆ? ಮರುದಿನವೇ ರೋಣಕ್ಕೆ ಹೋಗಿ ಅಂದಾನೆಪ್ಪನ ಅಂಗಡಿಯಲ್ಲಿ ಅಡುಗೆಮನೆ ಒರೆಸುವ ಕ್ಲೋರಿನ್ ಕೇಳಿದೆ. ಅವನು ಒಂದು ಬಿಳಿ ಬಾಟಲಿ ತೆಗೆದಿಟ್ಟ.

"ಅಡಗಿಮನಿಗೆ ಇದನ್ನ ಒಯ್ರಿ, ಅಣ್ಣಾರ. ಸಾದಾ ಐತಿ, ಸೆಂಟು-ಗಿಂಟು ಹಾಕಿಲ್ಲ. ಊಟದ ಸಾಮಾನು ತಾಗೋ ಜಾಗಕ್ಕ ನಡೀತೈತಿ ಅಂತ ಹಿಂದ ಬರದಾರ, ಅಳತಿನೂ ಕೊಟ್ಟಾರ. ಐದು ಲೀಟರ್ ನೀರಿಗೆ ಎರಡು ಸಣ್ಣ ಚಮಚ."

"ಆ ಹಳದಿ ಬಾಟ್ಲಿ?"

"ಅದು ನಿಂಬಿಹಣ್ಣಿನ ವಾಸನಿದು. ಪಾಯಖಾನಿಗೆ."

ಎರಡು ಚಮಚವಂತೆ! ನಾನೇನು ಗುಬ್ಬಿಗೆ ಔಷಧ ಹಾಕಲು ಹೊರಟಿದ್ದೇನೆಯೇ? ಬಿಳಿ ಬಾಟಲಿಯನ್ನು ಮೂಗಿಗೆ ಹಿಡಿದೆ. ವಾಸನೆ ಇದ್ದೂ ಇಲ್ಲದಂತಿತ್ತು. ನನ್ನ ಸರ್ವಿಸ್ಸಿನಲ್ಲಿ ನಳದ ನೀರಿಗೆ ವಾಸನೆ ಇಲ್ಲವೆಂದರೆ "ಹೂವಪ್ಪ ಇವತ್ತ ಔಷಧ ಹಾಕಿಲ್ಲ" ಎಂದು ಪಂಚಾಯ್ತಿ ಮೆಂಬರರು ಮನೆ ಬಾಗಿಲಿಗೆ ಬರುತ್ತಿದ್ದರು. ಅವರ ಮೂಗು ಮುಚ್ಚಿಸುವಷ್ಟು ಹಾಕಿದ ಮೇಲೆಯೇ ನಾನು ಕೆಲಸ ಮಾಡಿದ್ದೇನೆಂದು ಊರು ನಂಬಿದ್ದು. ಅಂಥ ನನಗೆ ವಾಸನೆಯಿಲ್ಲದ ಕ್ಲೋರಿನ್ ಕೊಡಲು ಬರುತ್ತಾನೆ! ಹಳದಿ ಬಾಟಲಿಯನ್ನೇ ತಂದೆ. ಗೌರವ್ವ ಅದನ್ನು ತಿರುಗಿಸಿ ಮುರುಗಿಸಿ ಓದಿ ಮೂಲೆಯಲ್ಲಿಟ್ಟಳು. ಗೆದ್ದೆ ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ "ನಾ ಬಾನುಬಿ ಮನ್ಯಾಗ ಇರ್ತೀನಿ" ಎಂದು ಅವಳು ಹೋದದ್ದೇ ತಡ, ನಾನು ಅಡುಗೆಮನೆ ಹೊಕ್ಕೆ. ಕಟ್ಟೆಯ ಮೇಲೆ ನಿನ್ನೆಯ ಹಿಟ್ಟು ಒಣಗಿ ಅಂಟಿತ್ತು. ಇರಲಿ, ನನ್ನ ಔಷಧದ ಮುಂದೆ ಹಿಟ್ಟು ಯಾವ ಲೆಕ್ಕ? ಬಕೀಟಿಗೆ ಅರ್ಧ ಬಾಟಲಿ ಸುರಿದು ಕಟ್ಟೆ, ಮಣೆ, ಡಬ್ಬಿ, ಕೊನೆಗೆ ಗೋಡೆಯನ್ನೂ ಒರೆಸಿದೆ. ಅಬ್ಬಾ, ಏನು ವಾಸನೆ! ಕಣ್ಣಲ್ಲಿ ನೀರು ಬಂತು. ಹೆಮ್ಮೆಯಿಂದ ಬಂದದ್ದೆಂದೇ ಭಾವಿಸಿದೆ.

ಗೋಡೆಯಾಚೆಗೂ ನನ್ನ ಕೀರ್ತಿ ಹಬ್ಬಿರಬೇಕು, ಗೌರವ್ವ ಓಡಿಬಂದಳು.

"ಇದೇನ್ರಿ, ಅಡಗಿಮನಿಯೋ ಊರ ಟಾಕಿಯೋ? ಮೊದಲ ತೊಳೀಬೇಕು, ಆಮ್ಯಾಲ ಔಷಧ. ಒಣಗಿದ ಹಿಟ್ಟು ಹಂಗ ಐತಿ! ಮೇಡಂ ಇನ್ನೇನ ಬರ್ತಾರ!"

ನೀರು ತರಲು ಅವಳು ಹಿತ್ತಲಿಗೆ ಓಡಿದಳು. ಅಷ್ಟರಲ್ಲಿ ವಾಸನೆ ಕಡಿಮೆ ಮಾಡಿ ಶಭಾಷ್ ಅನ್ನಿಸಿಕೊಳ್ಳುವ ಆಸೆ ನನಗೆ. ಹಿತ್ತಾಳೆ ಕೊಡ ಬೆಳಗುವ ಹುಣಸೆಹುಳಿ ಕಣ್ಣಿಗೆ ಬಿತ್ತು. ಗಟ್ಟಿಯಾಗಿ ಕಿವುಚಿ ಕಟ್ಟೆಗೆ ಸುರಿದೆ, ಉಳಿದದ್ದನ್ನು ಬಕೀಟಿಗೂ ಹಾಕಿದೆ.

ಮುಂದಿನದನ್ನು ವರ್ಣಿಸಲು ನನ್ನ ಗಂಟಲು ಈಗಲೂ ಒಪ್ಪುವುದಿಲ್ಲ. ಎದೆ ಹಿಡಿದಂತಾಯಿತು, ಕಣ್ಣು ಉರಿಯಿತು. ಗೌರವ್ವ ನನ್ನ ರಟ್ಟೆ ಹಿಡಿದು ಬೀದಿಗೆ ಎಳೆದು ತಂದಳು.

"ಕ್ಲೋರಿನ್ನಿಗೆ ಹುಳಿ ಕೂಡಿಸಿದ್ರ ವಿಷದ ಗಾಳಿ ಏಳ್ತೈತ್ರೀ! ಬಾಟ್ಲಿ ಮ್ಯಾಲ ಬರದಾರಲ್ಲ, ಓದಾಕ ಬರಂಗಿಲ್ಲ ನಿಮಗ?"

ನಾನು ಕೆಮ್ಮುತ್ತಿದ್ದೆ, ಉತ್ತರ ಕೊಡುವ ಗೋಜು ತಪ್ಪಿತು. ಸರಿಯಾಗಿ ಅದೇ ಗಳಿಗೆಗೆ ಮಾಲಾ ಮೇಡಂ ಗಾಡಿಯಿಂದ ಇಳಿದರು. ಮೂಗಿಗೆ ಸೆರಗು ಹಿಡಿದರು.

"ಇದ ಏನ್ರಿ ನಿಮ್ಮ ಅಡಗಿಮನಿ? ಹಿಂಗಿದ್ರ ಆರ್ಡರ್ ಆಗಂಗಿಲ್ಲ ಗೌರವ್ವಾರ. ನಮ್ಮ ಹುಡಿಗ್ಯಾರು ತಿನ್ನೂ ಅನ್ನ ಇದು."

ಗೌರವ್ವನ ಮೂರು ವರ್ಷದ ಕನಸು ನನ್ನ ಅರ್ಧ ಬಾಟಲಿಯಲ್ಲಿ ಕೊಚ್ಚಿಹೋಯಿತು ಎಂದುಕೊಂಡೆ. ಅವಳು ಮಾತ್ರ ಅಲುಗಲಿಲ್ಲ.

"ನಿಮ್ಮ ರೊಟ್ಟಿ ಅಲ್ಲಿ ಮಾಡಂಗಿಲ್ರಿ ಮೇಡಂ. ಅಲ್ಲಿ ನಮ್ಮ ಮನಿಯವ್ರು ಸರ್ವಿಸ್ ಮಾಡ್ತಾರ. ನಾವು ಮಾಡೂದು ಇಲ್ಲಿ, ಬರ್ರಿ."

ಬಾನುಬಿಯ ಮನೆಯಲ್ಲಿ ಕಟ್ಟೆಯನ್ನು ತೊಳೆದು, ಒರೆಸಿ, ಗಾಳಿಗೆ ಒಣಗಿಸಿದ್ದರು. ಮೂಲೆಯಲ್ಲಿ ಬಿಳಿ ಬಾಟಲಿ, ಪಕ್ಕದಲ್ಲೇ ಸಣ್ಣ ಚಮಚ! ನಾನು ಹಳದಿ ತಂದ ದಿನವೇ ಗೌರವ್ವ ಬಿಳಿ ತರಿಸಿ, ಹಾಸ್ಟೆಲ್ಲಿನ ರೊಟ್ಟಿಗೆ ಇಲ್ಲೇ ಸಜ್ಜು ಮಾಡಿಕೊಂಡಿದ್ದಳು. ಮೇಡಂ ಕಟ್ಟೆಯ ಮೇಲೆ ಬೆರಳಾಡಿಸಿದರು, ರೊಟ್ಟಿ ಮುರಿದು ಮೂಸಿದರು.

"ಜೋಳದ್ದು ಬಿಟ್ರ ಯಾವ ವಾಸನಿನೂ ಇಲ್ಲ. ಹಿಂಗ ಇರಬೇಕ್ರಿ. ಮುಂದಿನ ವಾರದಿಂದ ಕಳಸ್ರಿ."

ನಾನು ಸುಮ್ಮನಿರಬಹುದಿತ್ತು. ಇರಲಿಲ್ಲ.

"ಏನ ಅನ್ರಿ ಮೇಡಂ, ನನ್ನ ಕಾಲದಾಗ ಊರಾಗ ಒಬ್ಬನಿಗೂ ವಾಂತಿಭೇದಿ ಆಗಿಲ್ಲ. ಹಂಗ ವಾಸನಿ ಬರೂವಷ್ಟು ಹಾಕತಿದ್ನಿ!"

ಬಾನುಬಿ ಕಿಸಕ್ಕನೆ ನಕ್ಕಳು. "ವಾಸನಿ ಬಂದ ದಿನ ನಿಮ್ಮ ನಳದ ನೀರು ಯಾರು ಕುಡೀತಿದ್ರು ಅಣ್ಣಾರ? ಊರಿಗೂರ ನಮ್ಮ ಬೋರಿಗೆ ಪಾಳಿ ಹಚ್ಚತಿತ್ತು!"

"ಸುಳ್ಳು! ಮತ್ಯಾರೂ ಬ್ಯಾಡ, ನಾನ ಕುಡದೀನಿ!"

"ನೀವು ಕುಡದದ್ದೂ ಆ ಬೋರಿನ ನೀರ ಐತ್ರಿ," ಎಂದಳು ಗೌರವ್ವ. "ಇಪ್ಪತ್ತೆಂಟ ವರ್ಷ ಹೊತ್ತು ತಂದಾಕಿ ನಾನ."

ನನಗೆ ಮತ್ತೆ ಕೆಮ್ಮು ಬಂತು. ಬಾನುಬಿ ಒಂದು ಲೋಟ ನೀರು ಕೊಟ್ಟಳು. ಎಲ್ಲಿಯದೆಂದು ಕೇಳುವ ಧೈರ್ಯವಾಗಲಿಲ್ಲ. ಗಟಗಟನೆ ಕುಡಿದೆ. ವಾಸನೆ ಇರಲಿಲ್ಲ.