ಹಿಟ್ಟಿನದೇನೂ ತಪ್ಪಿಲ್ಲ

ಕೆಲವರಿಗೆ ದಿನಾ ಬಸ್ಸು ತಪ್ಪುತ್ತದೆ, ಕೆಲವರಿಗೆ ದಿನಾ ಹಾಲು ಉಕ್ಕುತ್ತದೆ, ನನಗೆ ದಿನಾ ರೊಟ್ಟಿ ಹರಿಯುತ್ತದೆ. ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ.

ನನ್ನ ತವರು ಸೊರಬದ ಕಡೆ, ಕ್ಯಾಸನೂರಿನ ಹತ್ತಿರ. ಅಲ್ಲಿ ರೊಟ್ಟಿ ಎಂದರೆ ಅಕ್ಕಿ ರೊಟ್ಟಿ. ಕೊಟ್ಟಿದ್ದು ಶಿಕಾರಿಪುರಕ್ಕೆ, ಈ ಮನೆಯಲ್ಲಿ ರೊಟ್ಟಿ ಎಂದರೆ ಜೋಳದ್ದು. ಮದುವೆಯಾಗಿ ಇಷ್ಟು ವರ್ಷ ನನಗೆ ಅದರ ಬಿಸಿ ತಾಗಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಮುಂದೆ ನಾನು, ಹಿಂದಿನ ಕೋಣೆಯಲ್ಲಿ ಒಲೆ ಮುಂದೆ ಅತ್ತೆ. ಅತ್ತೆ ಬಡಿದ ರೊಟ್ಟಿ ಊದಿದರೆ ಹಾರುತ್ತದೆ ಎಂದು ನಮ್ಮ ಓಣಿಯಲ್ಲಿ ಮಾತಿತ್ತು.

ಈಗ ಅವರ ಬಲಭುಜ ಹಿಡಿದುಕೊಂಡಿದೆ. ರೊಟ್ಟಿ ಬಡಿಯಲೇಬಾರದು ಎಂದರು ಡಾಕ್ಟರು. ಅದೇ ಡಾಕ್ಟರು ಮಾವನ ಸಕ್ಕರೆ ಕಾಯಿಲೆ ನೋಡಿ, ಅನ್ನ ಬಿಟ್ಟು ಜೋಳದ ರೊಟ್ಟಿ ತಿನ್ನಿ ಎಂದರು. ಅಡಕತ್ತರಿಯಲ್ಲಿ ಸಿಕ್ಕಿದವಳು ನಾನು. ಅತ್ತೆಗೆ ಭುಜದ ನೋವಿಗಿಂತ ಇನ್ನೊಂದು ಸಂಕಟ ದೊಡ್ಡದು. "ಇಷ್ಟು ವರ್ಷ ರೊಟ್ಟಿ ಬಡಿದು ಗಳಿಸಿದ ಹೆಸರು, ಓಣಿ ಮುಂದೆ ಹೋತಲ್ಲ ಯವ್ವಾ" ಎನ್ನುತ್ತಿದ್ದರು. ಆ ಹೆಸರು ಉಳಿಸುವ ಕೆಲಸ ನನ್ನ ಪಾಲಿಗೆ ಬಂತು.

ಮೊದಲ ರೊಟ್ಟಿ

ಅತ್ತೆ ಕುರ್ಚಿ ಹಾಕಿಸಿಕೊಂಡು ಅಡಿಗೆಮನೆ ಬಾಗಿಲಲ್ಲಿ ಕೂತರು. ಬಿಸಿನೀರು ಹಾಕಿ ಹಿಟ್ಟು ನಾದಿದೆ, ಉಂಡೆ ಮಾಡಿದೆ, ಬಡಿಯಲು ಶುರು ಮಾಡಿದೆ.

"ಬಡಿ ಅಂದ್ರೆ ಸವರ್ತೀಯಲ್ಲೇ! ಅದೇನು ಕೂಸಾ?"

ಜೋರಾಗಿ ಬಡಿದೆ, ಅಂಚು ಸೀಳಿತು. ಸೀಳಿದ ಕಡೆ ಅಂಟಿಸಿದೆ, ನಡುವೆ ತೂತು ಬಿತ್ತು. ಹಾಗೂ ಹೀಗೂ ಅಗಲ ಮಾಡಿ ಎತ್ತಿದರೆ ಅರ್ಧ ಹಂಚಿಗೆ ಹೋಯಿತು, ಅರ್ಧ ಅಲ್ಲೇ ಉಳಿಯಿತು. ಹಂಚಿಗೆ ಹೋದದ್ದನ್ನು ತಿರುವಿ ಹಾಕುವಾಗ ಮತ್ತೆ ಚೂರಾಯಿತು. ಮಾವನಿಗೆ ಹಸಿವು. ಬೇರೆ ದಾರಿ ಕಾಣದೆ ಎಲ್ಲವನ್ನೂ ಕೆರೆದು ತಟ್ಟೆಗೆ ಹಾಕಿ ಮುಂದಿಟ್ಟೆ.

ಮಾವ ಬಹಳ ಒಳ್ಳೆಯವರು, ಯಾರ ಮನಸ್ಸನ್ನೂ ನೋಯಿಸುವವರಲ್ಲ. ಒಂದು ಚಮಚ ಕೇಳಿ ತರಿಸಿಕೊಂಡು, ಸದ್ದಿಲ್ಲದೆ ಪೂರ್ತಿ ತಿಂದು, ಕೈ ತೊಳೆಯುವಾಗ ಹೇಳಿದರು:

"ಉಪ್ಪಿಟ್ಟು ಚಲೋ ಆಗಿತ್ತವ್ವಾ."

ಸದ್ದು

ರೊಟ್ಟಿ ಬಡಿಯುವ ಸದ್ದು ಗೋಡೆ ದಾಟುತ್ತದೆ ಎನ್ನುವುದು ನನಗೆ ಹೊಳೆದೇ ಇರಲಿಲ್ಲ. ಅತ್ತೆಯ ಕೈಯಲ್ಲಿ ಅದು ನಿಲ್ಲದೆ ಒಂದೇ ಸಮ ಹೋಗುತ್ತಿತ್ತು. ನನ್ನದು ಹಾಗಲ್ಲ. ನಾಲ್ಕು ಏಟು ಹಾಕುವುದು, ನಿಲ್ಲಿಸಿ ಎಲ್ಲಿ ಹರಿಯಿತೆಂದು ನೋಡುವುದು, ಅಂಟಿಸುವುದು, ಮತ್ತೆ ನಾಲ್ಕು ಏಟು.

ಒಂದು ವಾರ ಹೀಗೇ ನಡೆದ ಮೇಲೆ ಪಕ್ಕದ ಮನೆಯವರು ಬ್ಲೌಸಿನ ಅಳತೆ ಕೊಡಲು ಬಂದರು. ಬಂದವರು ಮೊದಲು ನಮ್ಮ ಅತ್ತೆಯ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದರು: "ಅಲ್ರೀ, ದಿನಾ ಬೆಳಿಗ್ಗೆ ಯಾರೋ ನಮ್ಮ ಬಾಗಿಲು ಬಡೀತಾರೆ. ಓಡಿಹೋಗಿ ತೆಗೆದು ನೋಡಿದ್ರೆ ಯಾರೂ ಇಲ್ಲ. ಏನಾದ್ರೂ ಗಾಳಿ ಚೇಷ್ಟೆ ಇರಬೌದಾ? ಮನೇಲಿ ಒಂದು ಪೂಜೆ ಮಾಡಿಸಬೇಕು ಅಂತಿದೀವಿ."

ಅತ್ತೆ ನನ್ನತ್ತ ನೋಡಲಿಲ್ಲ. "ಮಾಡಿಸ್ರೀ, ಒಳ್ಳೇದು" ಎಂದರು. "ನಮ್ಮ ಮನೆ ಹೆಸ್ರಲ್ಲೂ ಒಂದು ಕಾಯಿ ಒಡಸ್ರಿ."

ಬೀಗಿತ್ತಿಯರು

ಸೋತು ತವರಿಗೆ ಫೋನ್ ಮಾಡಿದೆ. ಕೈ ಹಿಟ್ಟಾಗಿದ್ದರಿಂದ ಸ್ಪೀಕರಿಗೆ ಹಾಕಿದ್ದೆ. ಅದೇ ತಪ್ಪಾಯಿತು.

"ನೀರು ಕುದೀತಾ ಇರುವಾಗಲೇ ಹಿಟ್ಟು ಹಾಕಿ ಮುಚ್ಚಿಡೇ ಮಾರಾಯ್ತಿ, ಬೇಯ್ಲಿ" ಎಂದಳು ಅಮ್ಮ.

ಕುರ್ಚಿಯಿಂದ ಅತ್ತೆ: "ಬೀಗರೇ, ಅದು ನಿಮ್ಮ ಅಕ್ಕಿ ಹಿಟ್ಟಿಗೆ. ಜೋಳಕ್ಕೆ ಮೇಲಿಂದ ನೀರು ಹುಯ್ದು ನಾದಬೇಕು."

"ಹಂಗಾದ್ರೆ ಅಕ್ಕಿದೇ ಮಾಡ್ಲಿ ಬಿಡಿ. ಅದು ಅವಳಿಗೆ ಬರ್ತದೆ."

"ಅಕ್ಕಿ ತಿನ್ನಂಗಿಲ್ಲ ಅಂತ ಡಾಕ್ಟ್ರು ಹೇಳ್ಯಾರೆ ನಮ್ಮ ಮನೆಯವರಿಗೆ. ನಿಮ್ಮಲ್ಲಿ ಹುಡುಗಿಗೆ ಒಂದು ರೊಟ್ಟಿ ಕಲಿಸ್ಲಿಲ್ವಾ?"

"ಕಲಿಸೇ ಕಳಿಸಿದ್ದು. ನಿಮ್ಮಲ್ಲಿಗೆ ಬಂದ ಮೇಲೆ ಮರೆತಿದಾಳೆ."

ನಾನು ಇಬ್ಬರ ನಡುವೆ ಉಂಡೆ ಹಿಡಿದು ನಿಂತಿದ್ದೆ. ನೀರು ಆರಿತು, ಹಿಟ್ಟು ಬಿರುಕು ಬಿಟ್ಟಿತು. ಕೊನೆಗೆ ಅಮ್ಮ ಸಂಶಯಪಟ್ಟು, ಹಿಟ್ಟೇ ಹಳೆಯದಿರಬಹುದು ಎಂದಳು. ನಿನ್ನೆ ತಾನೇ ಗಿರಣಿಯಿಂದ ತಂದದ್ದು, ಹೊಸ ಜೋಳ ಎಂದರು ಅತ್ತೆ. ಮದುವೆಯಾದಾಗಿನಿಂದ ಒಂದು ವಿಷಯಕ್ಕೂ ಒಮ್ಮತ ಬಾರದ ಬೀಗಿತ್ತಿಯರು ಅವತ್ತು ಮೊದಲ ಸಲ ಒಪ್ಪಿಕೊಂಡರು: ಹಿಟ್ಟಿನದೇನೂ ತಪ್ಪಿಲ್ಲ.

ಕತ್ತರಿ

ಅವತ್ತು ಬಚ್ಚಲಿಗೆ ಹೋಗಿ ಅತ್ತದ್ದೂ ಆಯಿತು. ಯಾವ ಕತ್ತಿನ ಬ್ಲೌಸ್ ಬೇಕಾದರೂ ಗೀಟು ಹಾಕದೆ ಕತ್ತರಿಸುವವಳು ನಾನು. ಒಂದು ರೊಟ್ಟಿ ನನ್ನ ಮಾತು ಕೇಳುತ್ತಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಆಗಲೇ ಉಪಾಯ ಹೊಳೆದದ್ದು. ಹೇಗೋ ಬೇಯಿಸಿದ ರೊಟ್ಟಿಯ ಮೇಲೆ ಪಾತ್ರೆಯ ಮುಚ್ಚಳ ಬೋರಲು ಹಾಕಿ, ಹೊಲಿಗೆ ಕತ್ತರಿ ತೊಳೆದು ತಂದು, ಸುತ್ತಲೂ ಕತ್ತರಿಸಿಬಿಟ್ಟೆ. ದುಂಡಗೆ, ಚೆಂದದ ರೊಟ್ಟಿ! ಕತ್ತರಿಸಿದ ಚೂರುಗಳನ್ನೆಲ್ಲ ಪಲ್ಯದ ಕೆಳಗೆ ಅಡಗಿಸಿ ಯಜಮಾನರಿಗೆ ಬಡಿಸಿದೆ. ಅವರು ಫೋನ್ ನೋಡುತ್ತಾ ಉಣ್ಣುವವರು, ಗೊತ್ತಾಗಲಿಲ್ಲ.

ದುಂಡನೆಯ ರೊಟ್ಟಿ ಅತ್ತೆಯ ತಟ್ಟೆಗೆ ಹಾಕಿದೆ, ಅವರ ಕಣ್ಣು ಅರಳಿತು. ರೊಟ್ಟಿಯನ್ನು ಬೆಳಕಿಗೆ ಹಿಡಿದು, ಅಂಚಿನ ಮೇಲೆ ಬೆರಳಾಡಿಸಿ ಒಂದು ಸುತ್ತು ತಿರುಗಿಸಿದರು.

"ಎಲ್ಲಾ ಸರಿ ಐತೆ ಯವ್ವಾ" ಎಂದರು. "ಅಂಚು ಮಡಚಿ ಹೊಲಿಗೆ ಹಾಕೋದೊಂದು ಮರೆತೀಯ."

ಹಂಚಿದ ಹಿಟ್ಟು

ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಿದ್ದರೂ ರೊಟ್ಟಿ ಒಬ್ಬರೇ ಮಾಡುವುದಿಲ್ಲ. ಮನೆಮನೆಗೆ ಜೋಳದ ಹಿಟ್ಟು ಅಳೆದು ಕೊಟ್ಟು ಹೋಗುತ್ತಾರೆ. ಅವರವರು ಬಡಿದು ತಂದು ಒಂದೇ ಬುಟ್ಟಿಗೆ ಹಾಕುತ್ತಾರೆ. ಪಕ್ಕದ ಮನೆಯವರ ಮಗಳ ನಿಶ್ಚಿತಾರ್ಥಕ್ಕೂ ಹಾಗೇ ಹಿಟ್ಟು ಹಂಚುತ್ತಾ ಬಂದರು. ಬಂದವರು ನಮ್ಮ ಬಾಗಿಲು ದಾಟಿ ಮುಂದೆ ಹೋದರು.

ಅತ್ತೆ ಕಟ್ಟೆಯ ಮೇಲೆ ಕೂತಿದ್ದರು. "ನಮ್ಮ ಮನೆ ಕಾಣ್ಲಿಲ್ವೇನ್ರೀ?"

"ಹಂಗಲ್ರೀ, ನಿಮಗೆ ಭುಜ ನೋವಲ್ಲ ಅಂತ..."

"ನೋವು ನನಗೆ ಬಂದೈತೆ, ಮನೆಗಲ್ಲ. ನಮ್ಮ ಸೊಸೆ ಅದಾಳೆ. ಹಾಕ್ರಿ ಹಿಟ್ಟು!"

ನಮ್ಮ ಸೊಸೆ ಅದಾಳೆ! ಒಳಗೆ ನಿಂತು ಕೇಳಿದವಳಿಗೆ ಕಣ್ಣು ತುಂಬಿ ಬಂತು. ಮರುಕ್ಷಣವೇ ತುಂಬಿದ ಹಿಟ್ಟಿನ ಪಾತ್ರೆ ಕಂಡಿತು.

ನಿಶ್ಚಿತಾರ್ಥದ ದಿನ ಬೆಳಿಗ್ಗೆ ಯಜಮಾನರು ಅತ್ತೆಯನ್ನು ಭುಜದ ವ್ಯಾಯಾಮಕ್ಕೆ ಆಸ್ಪತ್ರೆಗೆ ಕರೆದೊಯ್ದಿದ್ದರು. ಅಷ್ಟರಲ್ಲಿ ಎಲ್ಲವನ್ನೂ ಬಡಿದು ಮುಗಿಸಿದೆ. ಕತ್ತರಿ ಹಿಡಿಯಲು ಪುರುಸೊತ್ತೇ ಆಗಲಿಲ್ಲ. ಹೇಗೆ ಬಂದವೋ ಹಾಗೇ ಬಟ್ಟೆ ಮುಚ್ಚಿ ತಲುಪಿಸಿ ಬಂದೆ. ಬುಟ್ಟಿಯಲ್ಲಿ ಎಲ್ಲರದ್ದೂ ಬೆರೆತರೆ ಯಾರದು ಯಾವುದೆಂದು ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ.

ಪಂಕ್ತಿಯಲ್ಲಿ ನಾನೂ ಅತ್ತೆಯೂ ಅಕ್ಕಪಕ್ಕ ಕೂತೆವು. ಬದನೆ ಎಣ್ಣೆಗಾಯಿ ಬಂತು, ಶೇಂಗಾ ಚಟ್ನಿಪುಡಿ ಬಂತು. ಪಕ್ಕದ ಮನೆಯವರೇ ರೊಟ್ಟಿ ಬಡಿಸುತ್ತಾ ಬಂದರು. ನನ್ನ ಎಲೆಗೆ ತೆಳ್ಳನೆಯ, ಮೆತ್ತನೆಯ ರೊಟ್ಟಿ ಬಿತ್ತು. ಅತ್ತೆಯ ಎಲೆಗೆ ನನ್ನದು ಬಿತ್ತು.

ಅತ್ತೆ ಮುರಿಯಹೋದರು, ಮುರಿಯಲಿಲ್ಲ. ಎರಡೂ ಕೈ ಹಾಕಿ ಎಳೆದ ಮೇಲೆ ಒಂದು ಚೂರು ಕಿತ್ತು ಬಂತು. ಸಾಲಿನವರೆಲ್ಲ ನೋಡತೊಡಗಿದರು.

"ಇದ್ಯಾರ ಮನೆ ರೊಟ್ಟಿ ರೀ?" ಎಂದರು ಅತ್ತೆ, ಎಲ್ಲರಿಗೂ ಕೇಳುವಂತೆ. "ಪಾಪ, ಆ ಹುಡುಗೀದೇನು ತಪ್ಪಿಲ್ಲ ಬಿಡ್ರಿ. ಆ ಮನೆ ಅತ್ತೆಗೆ ಒಂಚೂರು ಕಲಿಸೋ ಬುದ್ಧಿ ಇಲ್ಲ."

ನಾನು ಎಲೆಯಿಂದ ತಲೆ ಎತ್ತಲಿಲ್ಲ. ಪಕ್ಕದ ಮನೆಯವರು ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡರು. ಆಮೇಲೆ ಬಹಳ ಮರ್ಯಾದೆಯಿಂದ ಹೇಳಿದರು:

"ಹೌದ್ರೀ. ಆದ್ರೆ ಪಾಪ, ಅವರಿಗೆ ಭುಜ ಹಿಡ್ಕಂಡೈತೆ."

ಅತ್ತೆಯ ಕೈ ಅಲ್ಲೇ ನಿಂತಿತು. ರೊಟ್ಟಿ ನೋಡಿದರು, ನನ್ನನ್ನು ನೋಡಿದರು. ಮುರಿದ ಚೂರನ್ನು ಎಣ್ಣೆಗಾಯಿ ರಸದಲ್ಲಿ ಅದ್ದಿ ಬಾಯಿಗಿಟ್ಟುಕೊಂಡರು. ಅಗಿದರು. ಇಡೀ ಸಾಲು ಊಟ ಬಿಟ್ಟು ಕಾಯುತ್ತಿತ್ತು. ನುಂಗಿ, ನೀರು ಕುಡಿದು, ಸೆರಗು ಸರಿಮಾಡಿಕೊಂಡು, ತಲೆ ಎತ್ತಿ ಎಂದರು:

"ಹಲ್ಲು ಗಟ್ಟಿ ಇದ್ದೋರಿಗೆ ಇಂಥಾ ರೊಟ್ಟಿ ಇಲ್ಲ ಬಿಡ್ರಿ. ಅದೇ ಮನೇದು ಇನ್ನೊಂದು ಹಾಕ್ರಿ ನನಗೆ."

ಹಾಕಿದರು. ಅದು ಮೊದಲಿನದಕ್ಕಿಂತ ದಪ್ಪ ಇತ್ತು.